ನವೆಂಬರ್‌ನೊಳಗೆ ನಗಿಸುವ ವಿದ್ಯೆ

"ಗುರುಗಳೇ, ನವೆಂಬರ್ ಒಳಗೆ ನಾನು ಹಾಸ್ಯ ಭಾಷಣಕಾರ ಆಗಬೇಕು."

"ರಾಜ್ಯೋತ್ಸವದ ಸೀಸನ್ನಿಗೋ? ಜಾಣ! ಶಾಲು, ಪೇಟ, ಹಣ್ಣಿನ ಬುಟ್ಟಿ. ಲಕೋಟೆ ಬುಟ್ಟಿಯ ತಳದಲ್ಲಿರುತ್ತೆ, ಮೊದಲು ಅಲ್ಲಿಗೆ ಕೈ ಹಾಕು. ಸರಕು ಏನಿದೆ?"

"ಹೆಂಡತಿ ಮೇಲೆ ಎಂಟು ಜೋಕು, ಕುಡುಕನ ಮೇಲೆ ಆರು."

"ಮೂವತ್ತು ವರ್ಷ ನಡೆಯುತ್ತೆ. ಬೀಚಿಯವರ ತಿಂಮನನ್ನ ಓದಿದ್ದೀಯಾ?"

"ವಾಟ್ಸಾಪಿನಲ್ಲಿ ಬಂದಿತ್ತು. ಅದರಲ್ಲಿ ಗುಂಡ ಅಂತಿತ್ತು."

"ಇನ್ನೂ ಒಳ್ಳೇದು. 'ಮೊನ್ನೆ ನಮ್ಮನೇಲೇ ಆಗಿದ್ದು' ಅಂತ ಶುರು ಮಾಡು."

"ಟೋಸ್ಟ್‌ಮಾಸ್ಟರ್ಸ್ ಕ್ಲಬ್ಬಿಗೂ ಹೋಗಿದ್ದೆ. ಐದು ನಿಮಿಷಕ್ಕೆ ಹಸಿರು ದೀಪ, ಆರಕ್ಕೆ ಹಳದಿ, ಏಳಕ್ಕೆ ಕೆಂಪು. 'ಆಂ', 'ಊಂ' ಅಂದದ್ದನ್ನೂ ಒಬ್ಬರು ಕೂತು ಎಣಿಸ್ತಾರೆ."

"ಅದು 1924ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ್ದು ಕಣಯ್ಯಾ. ನಮ್ಮಲ್ಲಿ ಏಳು ನಿಮಿಷಕ್ಕೆ ವೇದಿಕೆ ಮೇಲಿನವರ ಹೆಸರೇ ಮುಗಿಯಲ್ಲ. ನಮ್ಮ ಕೆಂಪು ದೀಪ ಅಂದರೆ ಸಂಘಟಕರ ಚೀಟಿ. ಓದದೆ ಜೇಬಿಗಿಳಿಸಿ, 'ಕೊನೆಯದಾಗಿ ಒಂದು ಮಾತು' ಅನ್ನು. ಆಮೇಲಿನ ಅರ್ಧ ಗಂಟೆ ನಿನ್ನದೇ."

"ಜನ ನಗದಿದ್ದರೆ?"

"ಮೊದಲು ನೀನೇ ನಗು. ಮುಂದಿನ ಸಾಲಿನ ಅಧ್ಯಕ್ಷರು ನಗ್ತಾರೆ. ಅವರನ್ನ ನೋಡಿ ಕಾರ್ಯದರ್ಶಿ."

(ಗುರುಗಳು ಇದೊಂದನ್ನು ಮಾತ್ರ ಅನುಭವದಿಂದ ಹೇಳಿದರು ಅಂತ ನನ್ನ ಗುಮಾನಿ.)

"ಹೊಸದಾಗಿ ಬರೆದುಕೊಂಡು, ನಾಲ್ಕು ಜನರ ಮುಂದೆ ಹೇಳಿ, ನಗದ ಕಡೆ ತಿದ್ದಿಕೊಂಡರೆ ಹೇಗೆ?"

"ಹಾಗೆ ಮಾಡುವವರೂ ಇದ್ದಾರಪ್ಪ. ಅವರನ್ನ ಜನ ಮತ್ತೆ ಮತ್ತೆ ಕರೆಸ್ತಾರೆ. ನಮ್ಮನ್ನ ಊರಿಗೆ ಒಂದೇ ಸಲ."

ಗುರುಗಳು ನೋಡದ ಊರುಗಳು ಇನ್ನೂ ಕೆಲವಿವೆ. ನಿಮ್ಮೂರೂ ಅದರಲ್ಲಿದ್ದರೆ, ಸಂಘಟಕರೇ, ಚೀಟಿ ನಂಬಬೇಡಿ. ಮೈಕಿನ ಸ್ವಿಚ್ಚು ಎಲ್ಲಿದೆ ಅಂತ ಮೊದಲೇ ನೋಡಿಟ್ಟುಕೊಳ್ಳಿ.