ಇಲ್ಲದ ಸಿ ಡ್ರೈವ್

ನನ್ನ ಕಂಪ್ಯೂಟರಿಗೆ ಸಿ ಡ್ರೈವ್ ಇಲ್ಲ. ವಿಂಡೋಸ್ ಬಿಟ್ಟು ಉಬುಂಟು ಲಿನಕ್ಸ್ ಹಾಕಿಕೊಂಡವರಿಗೆ ಅದರ ಗೊಡವೆಯೇ ಇರುವುದಿಲ್ಲ. ಈ ಸಂಗತಿಯನ್ನು ಮದುವೆಮನೆಯ ಪಂಕ್ತಿಯಲ್ಲಿ, ಪಕ್ಕದ ಎಲೆಯವರಿಗೆ, ಹೋಳಿಗೆ ಬರುವ ಮೊದಲೇ ತಿಳಿಸಿಬಿಡುವುದು ನನ್ನ ರೂಢಿ. ಲಿನಕ್ಸಿನ ಸುಖದಲ್ಲಿ ಅರ್ಧ ಬಳಸುವುದರಲ್ಲಿದೆ, ಉಳಿದರ್ಧ ಹೇಳಿಕೊಳ್ಳುವುದರಲ್ಲಿ.

ಈ ಜಂಬಕ್ಕೆ ಕುತ್ತು ತಂದವನು ನನ್ನ ಪುಸ್ತಕದ ಡಿಟಿಪಿ ಮಾಡುತ್ತಿದ್ದ ಹುಡುಗ. "ಸಾರ್, ಯೂನಿಕೋಡ್ ಬೇಡ. ಪೇಜ್‌ಮೇಕರ್‌ಗೆ ಹಾಕಿದ್ರೆ ಬರೀ ಕ್ವೆಶ್ಚನ್ ಮಾರ್ಕ್ ಬರ್ತವೆ. ನುಡಿಗೆ ಕನ್ವರ್ಟ್ ಮಾಡಿ ಕಳ್ಸಿ."

ಪೇಜ್‌ಮೇಕರಿನ ಕೊನೆಯ ದೊಡ್ಡ ಆವೃತ್ತಿ ಬಂದದ್ದು 2001ರಲ್ಲಿ. ಆ ವರ್ಷ ಹುಟ್ಟಿದ ಕೂಸುಗಳು ಈಗ ಓಟು ಹಾಕುತ್ತಿವೆ. ಎಷ್ಟೋ ಅಚ್ಚಿನ ಮನೆಗಳು ಮಾತ್ರ ಅಲ್ಲೇ ಕೂತಿವೆ. ನುಡಿಯಂಥ ಹಳೆಯ ಫಾಂಟುಗಳಲ್ಲಿ ಕನ್ನಡ ಇರುವುದು ಮೇಲ್ಮೈಯಲ್ಲಷ್ಟೇ. ಫಾಂಟ್ ಕಳಚಿದರೆ ಒಳಗೆ ಕೊಂಬು, ಬಾಲ ಅಂಟಿಸಿಕೊಂಡ ರೋಮನ್ ಅಕ್ಷರಗಳು. ಹೀಗೆ ಸಿಕ್ಕಿಕೊಂಡ ಕತೆ, ಥೀಸಿಸ್ಸು, ಸ್ಮರಣ ಸಂಚಿಕೆಗಳು ಎಷ್ಟು ಸಿ.ಡಿ.ಗಳಲ್ಲಿ ಕೊಳೆಯುತ್ತಿವೆಯೋ. ಬರೆದವರಲ್ಲಿ ಹಲವರು ಈಗಿಲ್ಲ. ಅವರ ಒಂದು ಪದವನ್ನು ಹುಡುಕಿದರೂ ಕಂಪ್ಯೂಟರಿಗೆ ಸಿಗುವುದಿಲ್ಲ.

ಇರಲಿ. ಹುಡುಗ ಪೆನ್‌ಡ್ರೈವಿನಲ್ಲಿ ಒಂದು ಹಳೇ ಕನ್ವರ್ಟರ್ ಕೊಟ್ಟ. ಅದು ವಿಂಡೋಸಿನದು. ಇದೇ ಕೆಲಸವನ್ನು ಆನ್‌ಲೈನಿನಲ್ಲಿ ಮಾಡಿಕೊಳ್ಳಬಹುದು, ಗೊತ್ತು. ಸುಲಭದ ದಾರಿ ಹಿಡಿಯುವವನು ಲಿನಕ್ಸಿಗೆ ಯಾಕೆ ಬರುತ್ತಾನೆ?

ಇಂಥ ಹೊತ್ತಿಗೆಂದೇ ವೈನ್ ಇದೆ. (ಹೆಸರಿನ ಮೇಲೆ ಜೋಕು ಮಾಡುವವರು ಮಾಡಿ ಮುಗಿಸಲಿ, ಕಾಯುತ್ತೇನೆ.) 1993ರಲ್ಲಿ ಶುರುವಾದ ಈ ತಂತ್ರಾಂಶದ 1.0 ಆವೃತ್ತಿ ಬಂದದ್ದು 2008ರಲ್ಲಿ. ಆ ನಿಧಾನಕ್ಕೇ ನನಗೆ ಅದರ ಮೇಲೆ ಪ್ರೀತಿ. ವಿಂಡೋಸಿನ ಪ್ರೋಗ್ರಾಂ 'ಫೈಲ್ ತೆರೆ' ಎಂದು ವಿಂಡೋಸನ್ನು ಕೇಳಿದರೆ, ಇದು ನಡುವೆ ನಿಂತು ಲಿನಕ್ಸಿನ ಕೈಲಿ ಆ ಕೆಲಸ ಮಾಡಿಸಿಕೊಡುತ್ತದೆ.

ಇನ್‌ಸ್ಟಾಲರ್ ಎದ್ದು ಕೂತು, "ಸಿ ಡ್ರೈವಿನಲ್ಲಿ ಹಾಕಲೇ?" ಎಂದಿತು. ನನಗೆ ನಾಚಿಕೆಯಾಯಿತು. ಆದರೆ ವೈನ್ ಆಗಲೇ ಒಂದು ಅಡಗಿದ ಫೋಲ್ಡರಿನಲ್ಲಿ ಸುಳ್ಳು ಸಿ ಡ್ರೈವ್ ಕಟ್ಟಿ, ಒಳಗೆ 'ವಿಂಡೋಸ್', 'ಪ್ರೋಗ್ರಾಂ ಫೈಲ್ಸ್' ಎಲ್ಲ ಜೋಡಿಸಿಟ್ಟಿತ್ತು. ಹಾಕು ಎಂದೆ. ಹಾಕಿ ಮುಗಿಸಿ ಇನ್ನೊಂದು ಕೇಳಿತು: "ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಬೇಕು. ಈಗಲೇ ಮಾಡಲೇ?"

ಸರಿ, ಬರೆಯುತ್ತಿದ್ದುದನ್ನೆಲ್ಲ ಸೇವ್ ಮಾಡಿದೆ. ಬ್ರೌಸರ್ ಮುಚ್ಚಿದೆ. ಅರ್ಧ ಆಲಾಪದಲ್ಲಿದ್ದ ಭೀಮಸೇನ ಜೋಶಿಯವರನ್ನು ಮನಸ್ಸಿಲ್ಲದೆ ನಿಲ್ಲಿಸಿದೆ. ಚಾರ್ಜರ್ ಸರಿಯಾಗಿ ಕೂತಿದೆಯೇ ಎಂದು ಅಲ್ಲಾಡಿಸಿ ನೋಡಿದೆ. ಆಮೇಲೆ, ಉಸಿರು ಬಿಗಿಹಿಡಿದು, ಹೂಂ ಎಂದೆ.

ಏನೂ ಆಗಲಿಲ್ಲ. ಪರದೆ ಕಪ್ಪಾಗಲಿಲ್ಲ, ಫ್ಯಾನ್ ನಿಲ್ಲಲಿಲ್ಲ. ಮೂಲೆಯ ಗಡಿಯಾರ 9.42 ಇದ್ದದ್ದು 9.43 ಆಯಿತು, ಅಷ್ಟೇ. ಇನ್‌ಸ್ಟಾಲರಿಗೆ ಮಾತ್ರ ಪೂರ್ತಿ ಸಮಾಧಾನ! ಕಂಪ್ಯೂಟರ್ ಆರಿ ಹತ್ತಿತೆಂದೇ ನಂಬಿ ಮುಂದಿನ ಕೆಲಸಕ್ಕೆ ಹೊರಟಿತು. ಬೆಲ್ಲದ ಚೂರನ್ನು ಸೆರಗಿಗೆ ಸೇರಿಸಿಕೊಂಡು "ಕಾಗೆ ಕಚ್ಕೊಂಡ್ ಹೋಯ್ತು ಪುಟ್ಟಾ" ಎಂದು ಬರಿಗೈ ತೋರಿಸುವ ಅಜ್ಜಿಯ ಹಾಗೆ, ವೈನ್ ಅದಕ್ಕೆ "ರೀಸ್ಟಾರ್ಟ್ ಆಯ್ತು" ಅಂದುಬಿಟ್ಟಿತ್ತು.

ಇದನ್ನು ಮತ್ತೆ ನೋಡಬೇಕೆಂದೇ ಕನ್ವರ್ಟರನ್ನು ಕಿತ್ತುಹಾಕಿ ಮೊದಲಿನಿಂದ ಹಾಕಿದೆ. ಮಗಳನ್ನೂ ಕೂಗಿ ಕರೆದೆ. "ನೋಡ್ತಿರು, ಈಗ... ಈಗ!"

"ಏನೂ ಆಗ್ಲಿಲ್ವಲ್ಲಪ್ಪ."

"ಅದೇ ಕಣೇ!"

ಅವಳು ಅಡುಗೆಮನೆಗೆ ಹೋಗಿ ಅಮ್ಮನ ಕಿವಿಯಲ್ಲಿ ಏನೋ ಹೇಳಿದಳು.

ಕನ್ವರ್ಟರ್ ಕೆಲಸ ಮಾಡಿತು. ಅರ್ಕಾವತ್ತುಗಳು ಅಲ್ಲಲ್ಲಿ ಪಕ್ಕದ ಮನೆಗೆ ಹೋಗಿದ್ದವು, ಕರೆತಂದು ಕೂರಿಸಿದೆ. ಪುಸ್ತಕ ಅಚ್ಚಾಯಿತು. ಮೊನ್ನೆ ಅದೇ ಹುಡುಗ ಫೋನ್ ಮಾಡಿ, ವೆಬ್‌ಸೈಟಿಗೆ ಹಾಕಬೇಕು, ನುಡಿಯಲ್ಲಿರುವುದನ್ನು ಯೂನಿಕೋಡ್ ಮಾಡಿ ಕೊಡಬಹುದೇ ಎಂದು ಬಹಳ ಸಂಕೋಚದಿಂದ ಕೇಳಿದ. ಮೂಲ ಪ್ರತಿ ನನ್ನ ಕಣ್ಣೆದುರೇ ತೆರೆದಿತ್ತು.

"ಕಷ್ಟದ ಕೆಲಸ ಕಣಪ್ಪ," ಎಂದೆ. "ಒಂದು ವಾರ ಹಿಡಿಯುತ್ತೆ."