ಇಪ್ಪತ್ತು ಜನರ ಟೀಮು, ಏಳೇ ಮುಖ

ಭಾನುವಾರ ಬೆಳಿಗ್ಗೆ ಹನುಮಂತನಗರದ 50 ಅಡಿ ರಸ್ತೆಯಲ್ಲಿ, ಮೊಣಕಾಲಿಗೆ ಮಣ್ಣು ಮೆತ್ತಿಕೊಂಡು, ಕಂಕುಳಲ್ಲಿ ಬಿಳಿ ತಟ್ಟೆ ಇರುಕಿಕೊಂಡು ಇಂಜಿನಿಯರಿಂಗ್ ಹುಡುಗನೊಬ್ಬ ದರ್ಶಿನಿಯಿಂದ ಹೊರಬಂದರೆ ಕ್ಯಾಷಿಯರ್ ಗಾಬರಿಯಾಗಬೇಕಿಲ್ಲ. ತಟ್ಟೆ ಹೋಟೆಲಿನದಲ್ಲ. ಆತ ಕಾಲೇಜಿನ ಅಲ್ಟಿಮೇಟ್ ಫ್ರಿಸ್ಬಿ ಕ್ಯಾಪ್ಟನ್. ತಟ್ಟೆಯ ತೂಕ 175 ಗ್ರಾಂ. ಅವನು ಹೊತ್ತ ಹೊಣೆಯನ್ನು ತೂಗುವ ತಕ್ಕಡಿ ಗಾಂಧಿಬಜಾರಿನಲ್ಲೂ ಸಿಗದು.

ಶನಿವಾರ ರಾತ್ರಿ ಅವನು ಪರಮ ಸಮಾಜವಾದಿ. ಮೊಬೈಲಿನ ಎಕ್ಸೆಲ್ ಶೀಟಿನಲ್ಲಿ ಇಪ್ಪತ್ತು ಹೆಸರು, ಎಲ್ಲರ ಮುಂದೆಯೂ ಸಮಸಮ ಪಾಯಿಂಟು. "ನೋಡಿ ಗಾಯ್ಸ್, 2016ರ ಐಪಿಎಲ್‌ನಲ್ಲಿ ಕೊಹ್ಲಿ ಒಬ್ನೇ 973 ರನ್ ಹೊಡ್ದ. ಏನಾಯ್ತು? ನಮ್ಮ ಚಿನ್ನಸ್ವಾಮಿಯಲ್ಲೇ ಫೈನಲ್, ಎಂಟು ರನ್ನಲ್ಲಿ ಸೋತ್ವಿ. 2025ರಲ್ಲಿ ದಿನಕ್ಕೊಬ್ಬ ಗೆಲ್ಲಿಸ್ದ, ಕಪ್ ಬಂತು. ಡೆಪ್ತ್ ಬೇಕು, ಡೆಪ್ತ್!" ಫಸ್ಟ್ ಇಯರ್ ಮಕ್ಕಳು ಹೊಸ ಸ್ಟಡ್ಸ್ ಕೊಳ್ಳುವುದು ಈ ಭಾಷಣದ ಪ್ರಭಾವದಿಂದಲೇ.

ಭಾನುವಾರ ಮೊದಲ ತಟ್ಟೆ ಕೈತಪ್ಪಿ ಬೀಳುವವರೆಗೆ ಸಮಾಜವಾದ ಊರ್ಜಿತದಲ್ಲಿರುತ್ತದೆ. ಬಿದ್ದೊಡನೆ, "ಇದೊಂದು ಪಾಯಿಂಟ್ ಸ್ಟಾರ್ ಆಡ್ಲಿ." ಆ ಒಂದು ಪಾಯಿಂಟು ಸಂಜೆಯವರೆಗೂ ಮುಗಿಯುವುದಿಲ್ಲ.

ಆಟದ ನಿಯಮವೇನೋ ಬಹಳ ಉದಾರ. ಕಣದಲ್ಲಿ ಏಳು ಜನ. ಮಿಕ್ಸೆಡ್ ಆದರೆ ಹುಡುಗ ಹುಡುಗಿಯರು ನಾಲ್ಕು–ಮೂರರ ಲೆಕ್ಕದಲ್ಲಿ. ಒಂದೊಂದು ಪಾಯಿಂಟ್ ಮುಗಿದಾಗಲೂ ಏಳಕ್ಕೆ ಏಳೂ ಜನರನ್ನು ಬದಲಿಸಬಹುದು. ಕ್ಯಾಪ್ಟನ್ ಬದಲಿಸುವುದು ಟೋಪಿ ಮಾತ್ರ. ತಟ್ಟೆ ಹಿಡಿದವನು ಓಡುವಂತಿಲ್ಲ, ಎದುರಾಳಿ ಹತ್ತು ಎಣಿಸುವುದರೊಳಗೆ ಎಸೆಯಬೇಕು, ಎಸೆದದ್ದನ್ನು ತಾನೇ ಹಿಡಿಯುವಂತಿಲ್ಲ. ಈ ಕೊನೆಯದೊಂದು ಇಲ್ಲದಿದ್ದರೆ ಅವನು ಸ್ಟಾರನ್ನೊಬ್ಬನನ್ನೇ ಇಳಿಸಿ ಮಿಕ್ಕವರನ್ನು ಮನೆಗೆ ಕಳಿಸುತ್ತಿದ್ದ. 1968ರಲ್ಲಿ ನ್ಯೂಜೆರ್ಸಿಯ ಹೈಸ್ಕೂಲು ಹುಡುಗರು ಹುಟ್ಟುಹಾಕಿದ ಈ ಆಟದಲ್ಲಿ ಫೌಲ್ ಆದರೆ ಆಟಗಾರರೇ ಹೇಳಬೇಕು, ರೆಫರಿ ಇರುವುದಿಲ್ಲ. ಹಾಗಾಗಿ ಸೋತಾಗ ಅಂಪೈರನ್ನು ಬೈಯುವ ಸುಖವೂ ಪಾಪ ನಮ್ಮ ಕ್ಯಾಪ್ಟನ್ನಿಗಿಲ್ಲ.

ಬೆಂಚಿನವರು ಸುಮ್ಮನೆ ಕೂತಿರುತ್ತಾರೆ ಅಂದುಕೊಳ್ಳಬೇಡಿ. ಬಾಳೆಹಣ್ಣು ಕಾಯುವವರು, ಓಆರ್‌ಎಸ್ ಕಲಸುವವರು, ತಟ್ಟೆ ಗಾಳಿಗೇರಿದಾಗಲೆಲ್ಲ "ಅಪ್!" ಎಂದು ಕೂಗಿ ಗಂಟಲು ಕೆಡಿಸಿಕೊಳ್ಳುವವರು. ಸ್ಟಾರ್ ಹತ್ತಿರ ಬರುವಷ್ಟರಲ್ಲಿ ಬಾಟಲಿಯ ಮುಚ್ಚಳ ತೆರೆದು ಕೈಗಿಡುವುದರಲ್ಲಿ ಫಸ್ಟ್ ಇಯರಿನ ಒಬ್ಬ ಹುಡುಗಿಯನ್ನು ಮೀರಿಸುವವರಿಲ್ಲ. ಅವಳಮ್ಮ ಸಂಜೆ ಬಟ್ಟೆ ಒಗೆಯಲು ಹಾಕುವಾಗ ಜರ್ಸಿ ನೋಡಿ, "ಆಡೋಕ್ ಹೋಗಿದ್ಯೋ, ಮದುವೆಗ್ ಹೋಗಿದ್ಯೋ?" ಅಂದರಂತೆ.

ರಾಮಾಂಜನೇಯ ಗುಡ್ಡದ ಮೆಟ್ಟಿಲ ಮೇಲೆ ಕ್ಯಾಪ್ಟನ್ ಸಿಕ್ಕಿದಾಗ, ಬೆಂಚಿನವರನ್ನು ಯಾಕೆ ಇಳಿಸುವುದಿಲ್ಲ ಎಂದು ಕೆದಕಿದೆ.

"ಅಂಕಲ್, ಸಮುದ್ರ ಹಾರಿದ್ದು ಒಬ್ನೇ ಅಲ್ವಾ?"

"ಸೇತುವೆ ಕಟ್ಟಿದ್ದು ಯಾರಪ್ಪ?"

"ನಳ. ಅದು ಡೆಪ್ತ್, ಒಪ್ಕೋತೀನಿ. ಆದ್ರೆ ನಮ್ಮ ಏರಿಯಾಗೆ ನಳನಗರ ಅಂತ ಯಾಕ್ ಹೆಸರಿಡ್ಲಿಲ್ಲ?"

ಶ್ರೀರಾಮನೇ ಹನುಮಂತನನ್ನು ಅಪ್ಪಿಕೊಂಡು ನಿಂತಿರುವ ಮೂರ್ತಿಯ ಕೆಳಗೆ ವಾದ ಬೆಳೆಸುವ ಧೈರ್ಯ ನನಗಾಗಲಿಲ್ಲ.

ಆಮೇಲಿನ ಟೂರ್ನಮೆಂಟಿನಲ್ಲಿ, ಮಧ್ಯಾಹ್ನದ ಮೂರನೇ ಮ್ಯಾಚಿಗೆ ಸ್ಟಾರಿನ ಮೀನಖಂಡ ಹಿಡಿದುಕೊಂಡಿತು. ಬೇರೆ ದಾರಿಯಿಲ್ಲದೆ ಬಾಟಲಿ ಹುಡುಗಿ ಇಳಿದಳು. ಉದ್ದುದ್ದ ಎಸೆಯುವ ಶೋಕಿ ಅವಳಿಗಿಲ್ಲ. ಹತ್ತಿರ ಯಾರಿದ್ದಾರೆ ನೋಡಿದಳು, ಕೊಟ್ಟಳು, ಓಡಿದಳು, ಮತ್ತೆ ಇಸಿದುಕೊಂಡಳು. ಬೆಂಚಿನಲ್ಲಿ ಕೂತು ಕೂತು ಇಡೀ ಮೈದಾನ ಅವಳಿಗೆ ಬಾಯಿಪಾಠವಾಗಿತ್ತು. ಪಾಯಿಂಟ್ ಬಂತು.

"ನಾನ್ ಹೇಳ್ಲಿಲ್ವಾ, ಡೆಪ್ತ್!" ಎಂದು ಕ್ಯಾಪ್ಟನ್ ಕುಣಿದ. ಅಲ್ಲಿಂದೀಚೆಗೆ ಒಂದು ಪಾಯಿಂಟಿಗೂ ಅವಳನ್ನು ಹೊರಗೆ ಕರೆದಿಲ್ಲ. ಮೊನ್ನೆ ಅವಳೂ ಕಾಲು ಹಿಡಿದುಕೊಂಡು ಕುಂಟುತ್ತ ಬಂದಳು. ಹಳೆಯ ಸ್ಟಾರ್ ಗೆರೆಯಾಚೆ ನಿಂತು ಅವಳಿಗಾಗಿ ಬಾಟಲಿಯ ಮುಚ್ಚಳದೊಂದಿಗೆ ಗುದ್ದಾಡುತ್ತಿದ್ದ; ಅಭ್ಯಾಸ ಸಾಲದು.