ಅಲಾಸ್ಕಕ್ಕೆ ಒಂದು ಟನ್

ಸಿಯಾಟಲ್‌ನಲ್ಲಿರುವ ಮಗ ಜೂನ್‌ಗೆ ಅಲಾಸ್ಕ ಕ್ರೂಸ್ ಬುಕ್ ಮಾಡಿದ್ದಾನೆ ಎಂಬ ಸುದ್ದಿ ಹರಡಿದ್ದೇ ತಡ, ನಮ್ಮ ಬಂಧುಬಳಗದ ಕಣ್ಣೆದುರು ಬಿಳಿಕರಡಿ ಬಂದು ನಿಂತಿತು. ಮನಾಲಿ ನೋಡಿಬಂದ ಭಾವಮೈದುನ ತನ್ನ ಜಾಕೆಟ್ಟು ಕಳಿಸಿದ. ಕೇದಾರಕ್ಕೆ ಹೋಗಿಬಂದ ಷಡ್ಡಕರು ಮಂಗನಟೋಪಿ ಕೊಟ್ಟರು. ಎಲ್ಲಿಗೂ ಹೋಗದ ಚಿಕ್ಕಮ್ಮ ಓಮಿನ ಪೊಟ್ಟಣ ಕೊಟ್ಟು, “ಬಿಸಿನೀರಿಗೆ ಹಾಕಿಕೊಂಡು ಕುಡಿ, ಹಿಮ ಹತ್ತಿರ ಬರಲ್ಲ” ಎಂದರು.

ಬಿಳಿಕರಡಿ ಇರುವುದು ದೂರದ ಉತ್ತರದಂಚಿನಲ್ಲಿ. ಕ್ರೂಸ್ ಹಡಗುಗಳು ಸುತ್ತುವ ಆಗ್ನೇಯ ಅಲಾಸ್ಕದಲ್ಲಿರುವವು ಕರಿಕರಡಿ, ಕಂದುಕರಡಿ. ಜೂನೋ ಊರಿನಲ್ಲಿ ಬೇಸಿಗೆಯ ಹಗಲು ಹದಿನೈದು ಹದಿನೆಂಟು ಡಿಗ್ರಿ ಇರುತ್ತದೆ. ಡಿಸೆಂಬರಿನ ಬೆಳಗ್ಗೆ ನಮ್ಮ ಬೀದಿಯ ಹಾಲಿನವನು ಲುಂಗಿ ಎತ್ತಿಕಟ್ಟಿಕೊಂಡೇ ಎದುರಿಸುವ ಚಳಿ ಅದು. ಇದನ್ನು ಹೇಳಿದರೆ ಯಾರಿಗೂ ಖುಷಿಯಾಗಲಿಲ್ಲ. ಹೋಗುವವರು ನಡುಗದಿದ್ದರೆ ಕಳಿಸುವವರಿಗೆ ಏನು ಸಮಾಧಾನ?

ನಿಜವಾಗಿ ಹೆದರಬೇಕಾದದ್ದು ಮಳೆಗೆ. ಕೆಚಿಕಾನ್ ಎಂಬ ಬಂದರಿನಲ್ಲಿ ವರ್ಷಕ್ಕೆ ನೂರನಲವತ್ತು ಇಂಚಿನ ಮೇಲೆಯೇ ಸುರಿಯುತ್ತದೆ; ಬಂದವರಿಗೆ ಗೊತ್ತಾಗಲಿ ಎಂದು ಮಳೆಮಾಪಕದ ದೊಡ್ಡ ಫಲಕವನ್ನೇ ಪೇಟೆಯಲ್ಲಿ ನಿಲ್ಲಿಸಿದ್ದಾರೆ. ಆಗುಂಬೆಯವರು ಇದರ ಎರಡರಷ್ಟು ಕಂಡವರು, ನಕ್ಕುಬಿಟ್ಟಾರು. ಮಗನ ಆಜ್ಞೆಯಾಯಿತು: ಜೀನ್ಸ್ ಬೇಡ, ಹತ್ತಿ ನೆಂದರೆ ಒಣಗುವುದಿಲ್ಲ, ಉಣ್ಣೆ ನೆಂದರೂ ಬೆಚ್ಚಗಿಡುತ್ತದೆ. ಕಂಬಳಿಕೊಪ್ಪೆ ಹೊದ್ದು ಆಷಾಢದಲ್ಲಿ ನಾಟಿ ಮಾಡಿಸಿದ ನನ್ನಜ್ಜನಿಗೆ ಈ ಪಾಠ ಬೇಕಿರಲಿಲ್ಲ. ಆದರೆ ಅದೇ ತತ್ತ್ವವನ್ನು ‘ಮೆರಿನೋ’ ಎಂದು ಡಾಲರಿನಲ್ಲಿ ಕೊಂಡರೆ ಮಾತ್ರ ಮಕ್ಕಳಿಗೆ ನಂಬಿಕೆ.

ಒಳಗೆ ಥರ್ಮಲ್, ಅದರ ಮೇಲೆ ಫ್ಲೀಸು, ಅದರ ಮೇಲೆ ನೀರಿಳಿಯದ ಜಾಕೆಟ್ಟು. ಮೂರು ಪದರವೆಂದು ನಿರ್ಧಾರವಾಯಿತು. ಅಷ್ಟರಲ್ಲಿ ಹಡಗಿನಲ್ಲಿ ‘ಫಾರ್ಮಲ್ ನೈಟ್’ ಇದೆ, ಎಲ್ಲರೂ ಚಂದ ಉಡಬೇಕು ಎಂಬುದು ನಮ್ಮನೆಯವಳ ಕಿವಿಗೆ ಬಿತ್ತು. “ಸೀರೆ ಮೇಲೆ ಫ್ಲೀಸು ಹಾಕಿಕೊಂಡರೆ ಸೆರಗು ಕಾಣಲ್ಲ. ಸೆರಗು ಕಾಣದ ಮೇಲೆ ಮೈಸೂರು ರೇಷ್ಮೆ ಯಾಕೆ?” ಇದಕ್ಕೆ ಹವಾಮಾನ ಇಲಾಖೆಯೂ ಉತ್ತರ ಕೊಡಲಾರದು. ಹಡಗಿನ ಒಳಗೆಲ್ಲ ಬೆಚ್ಚಗೇ ಇರುತ್ತದೆಯೆಂದು ಮಗ ಬಾಯಿಬಿಟ್ಟ ಮೇಲೆ, ಎರಡನೇ ಸೀರೆಯೂ ಒಳಗೆ ಹೋಯಿತು.

ಇಸ್ತ್ರಿಪೆಟ್ಟಿಗೆಗೆ ಹಡಗಿನಲ್ಲಿ ನಿಷೇಧ. ನೀರು ಕಾಯಿಸುವ ಕಾಯಿಲ್ಲಿಗೂ ನಿಷೇಧ. ನಡುಗಡಲಿನಲ್ಲಿ ಬೆಂಕಿ ಬಿದ್ದರೆ ಓಡುವುದೆಲ್ಲಿಗೆ? ಇಸ್ತ್ರಿಪೆಟ್ಟಿಗೆ ಬಿಟ್ಟೆವು. ಕಾಯಿಲ್ ಬಿಡುವಾಗ ಮಾತ್ರ ಮನೆಯಲ್ಲಿ ಸೂತಕದ ಮೌನ. ಅಯಸ್ಕಾಂತದ ಕೊಕ್ಕೆಗಳು ನನ್ನ ಆಯ್ಕೆ. ಕ್ಯಾಬಿನ್ನಿನ ಗೋಡೆಗಳು ಲೋಹದವಾದ್ದರಿಂದ ಒದ್ದೆ ಜಾಕೆಟ್ಟು, ಟೋಪಿ, ಚೀಲ ಎಲ್ಲ ಗೋಡೆಗೇ ನೇತುಬಿದ್ದವು. ಬೈನಾಕ್ಯುಲರ್ ತಲೆಗೊಂದು ಇರಬೇಕು. ತಿಮಿಂಗಿಲ ಬಾಲ ಎತ್ತಿ ಇಳಿಸುವಷ್ಟರಲ್ಲಿ ಒಂದೇ ಬೈನಾಕ್ಯುಲರನ್ನು ಕೈ ಬದಲಾಯಿಸಿಕೊಂಡು ನೋಡಿದ ದಂಪತಿಗಳು ಇನ್ನೂ ಮಾತು ಬಿಟ್ಟಿರಬಹುದು.

ಎಲ್ಲಕ್ಕಿಂತ ಮುಖ್ಯವಾದದ್ದಕ್ಕೆ ತೂಕವೇ ಇಲ್ಲ: ಕೆನಡಾ ವೀಸಾ. ವಿದೇಶಿ ಬಾವುಟದ ಹಡಗು ಅಮೆರಿಕದ ಬಂದರಿನಲ್ಲಿ ಹತ್ತಿಸಿಕೊಂಡವರನ್ನು ಸುತ್ತಾಡಿಸಿ ಅಲ್ಲೇ ಇಳಿಸಬೇಕಾದರೆ, ನಡುವೆ ಒಂದಾದರೂ ವಿದೇಶಿ ಬಂದರು ಮುಟ್ಟಬೇಕು. 1886ರ ಕಾನೂನಿನ ಫಲ. ಹಾಗಾಗಿ ಸಿಯಾಟಲ್‌ನಿಂದ ಹೊರಟ ಹಡಗು ಕೆನಡಾದ ವಿಕ್ಟೋರಿಯಾದಲ್ಲಿ ಒಂದು ಸಂಜೆ ನಿಂತು ಬರುತ್ತದೆ. ಆ ಸಂಜೆಗಾಗಿ ನಾವು ಬೆಂಗಳೂರಿನಲ್ಲಿ ಬೆರಳಚ್ಚು ಕೊಟ್ಟೆವು.

ಗ್ಲೇಸಿಯರ್ ಬೇ ಸೇರಿದ ದಿನ ಕಳಿಸಿದವರೆಲ್ಲರ ಆತ್ಮಕ್ಕೂ ಶಾಂತಿ ಸಿಕ್ಕಿತು. ಮಾರ್ಜರಿ ಹಿಮನದಿಯ ಎದುರು ಹಡಗು ನಿಧಾನವಾಗಿ ತಿರುಗುತ್ತಿದ್ದಂತೆ ಮಂಜಿನ ಮೇಲಿಂದ ಬೀಸಿದ ಗಾಳಿಗೆ ಮೂರು ಪದರದ ಜೊತೆ ಭಾವಮೈದುನನ ಜಾಕೆಟ್ಟೂ ಏರಿತು. ಮಂಗನಟೋಪಿ ಹಾಕಿದ ನನ್ನನ್ನು ಕಂಡು ಟೆಕ್ಸಸ್ಸಿನ ಅಜ್ಜಿಯೊಬ್ಬರು ಎಲ್ಲಿ ಸಿಗುತ್ತದೆ ಎಂದು ಕೇಳಿದರು. ಅತ್ತ ಡೆಕ್ಕಿನ ಬಿಸಿನೀರಿನ ತೊಟ್ಟಿಯಲ್ಲಿ ಕೆಲವರು ಚಡ್ಡಿಯಲ್ಲೇ ಕುಳಿತು ಹಿಮ ನೋಡುತ್ತಿದ್ದರು. ಚಳಿಗೆ ಏನು ಒಯ್ಯಬೇಕೆಂಬ ಬಗ್ಗೆ ಅಂದಿನಿಂದ ನಾನು ಯಾರಿಗೂ ಸಲಹೆ ಕೊಟ್ಟಿಲ್ಲ.

ಸ್ಕ್ಯಾಗ್‌ವೇ ಊರಿನಲ್ಲಿ ನಮ್ಮನೆಯವಳಿಗೆ ಪೂರ್ವಜರು ಸಿಕ್ಕಷ್ಟು ಸಂತೋಷವಾಯಿತು. 1897-98ರಲ್ಲಿ ಕೆನಡಾದ ಕ್ಲಾಂಡೈಕ್ ಚಿನ್ನಕ್ಕಾಗಿ ಜನ ಈ ಕಡೆಯಿಂದಲೇ ನುಗ್ಗಿದರು. ಒಂದು ವರ್ಷದ ದಿನಸಿ ಜೊತೆಗಿಲ್ಲದವರನ್ನು ಕೆನಡಾದ ಪೊಲೀಸರು ಕಣಿವೆದಾರಿಯ ನೆತ್ತಿಯಲ್ಲೇ ತಡೆಯುತ್ತಿದ್ದರು. ಸಾಮಾನು ಸರಂಜಾಮು ಸೇರಿ ತಲೆಗೆ ಸುಮಾರು ಒಂದು ಟನ್! ಬೆನ್ನಮೇಲೆ ಅಷ್ಟಷ್ಟೇ ಹೊತ್ತು ಹಿಮದ ಮೆಟ್ಟಿಲು ಮತ್ತೆಮತ್ತೆ ಹತ್ತಿ ಇಳಿದರು. ಇಷ್ಟನ್ನೂ ಮಾರಿ ಉದ್ಧಾರವಾದವರು ಸಿಯಾಟಲ್‌ನ ವರ್ತಕರು.

ನಮ್ಮನೆಯವಳು ಅಲ್ಲಿ ಬರೆದಿಟ್ಟಿದ್ದ ಆ ದಿನಸಿಪಟ್ಟಿಯ ಮೇಲೆ ಬೆರಳಿಟ್ಟು ಓದಿದಳು. ಹಿಟ್ಟು, ಹುರುಳಿಕಾಯಿ ಬೀಜ, ಸಕ್ಕರೆ, ಕಾಫಿ, ಉಪ್ಪು. ಮತ್ತೊಮ್ಮೆ ಮೇಲಿಂದ ಕೆಳಗೆ ನೋಡಿದಳು.

“ಇಷ್ಟು ಹೊತ್ತವರು, ಒಂದು ಭರಣಿ ಉಪ್ಪಿನಕಾಯಿ ಹೊರಲಿಲ್ಲವಲ್ಲ!”